ಕಾಳಾಚಾರಿಯ ಮೂರನೆಯ ಪೀಪಾಯಿ

ನಮ್ಮೂರಲ್ಲಿ ಹೊಸ ಬಿಯರಿಗೆ ರುಚಿ ಬರುವುದು ಯಾರಾದರೂ ಅದನ್ನು ಕುಡಿದು ಬಾಯಿ ಬಿಟ್ಟ ಮೇಲೆಯೇ. ಕುಡಿದವರಲ್ಲಿ ಯಾರು ಮೊದಲು ಮಾತಾಡುತ್ತಾರೋ, ಅವರು ಒಂದೇ ಉಸಿರಿನಲ್ಲಿ ಏನು ಹೇಳುತ್ತಾರೋ, ಅದೇ ಅದರ ರುಚಿ. ಆಮೇಲೆ ಅದೇ ಕೈ ಅದೇ ಅಳತೆಯಲ್ಲಿ ಎಷ್ಟು ಸಲ ಕಾಯಿಸಿದರೂ ಅದೇ ರುಚಿ ಬರುತ್ತದೆ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಾನು ಬೇರೆ ಊರಿಗೆ ಹೋದದ್ದು ಎರಡೇ ಸಲ, ಎರಡು ಸಲವೂ ಹಲ್ಲು ಕೀಳಿಸಿಕೊಳ್ಳಲು. ಹಾಗಾಗಿ ಅಲ್ಲಿ ಏನನ್ನೂ ಕುಡಿಯಲಾಗಲಿಲ್ಲ.

ಆ ಮೊದಲ ಗುಟುಕು ಕುಡಿದು ಹೇಳುವ ಕೆಲಸ ನನ್ನದು. ಹೆಸರು ದೊಡ್ಡತಾಯಮ್ಮ, ಊರಿಗೆಲ್ಲ ತಾಯಕ್ಕ. ಕೆಲಸ ನನಗೆ ಬಂದದ್ದು ನಮ್ಮತ್ತೆಯಿಂದ. ನಮ್ಮತ್ತೆಯದು ಒಳ್ಳೆಯ ನಾಲಿಗೆ, ತಾಳ್ಮೆ ಮಾತ್ರ ಕಡಿಮೆ. ಆಗೆಲ್ಲ ರುಚಿ ನೋಡುವುದು ನಮ್ಮ ಮನೆಯ ಪಡಸಾಲೆಯಲ್ಲೇ. ಒಂದು ಸಲ ಗುಟುಕು ನುಂಗಿ ಇನ್ನೇನು ಹೇಳಬೇಕು ಅನ್ನುವಾಗ ನನ್ನ ಕಡೆ ತಿರುಗಿ, "ಬಾಗಿಲು ಹಾಕೇ, ಬೆಕ್ಕು ಬಂತು" ಅಂದುಬಿಟ್ಟಳು. ಆ ಬಿಯರು ಈಗಲೂ ಊರಲ್ಲಿ ಸಿಗುತ್ತದೆ. ಮನೆಗೆ ನೆಂಟರು ಬರುವ ಸುದ್ದಿ ಗೊತ್ತಾದವರು ಅದನ್ನು ಕುಡಿಯುತ್ತಾರೆ. ಬಾಗಿಲು ಹಾಕಿಕೊಂಡ ನೆಮ್ಮದಿ ಸಿಗುತ್ತದಂತೆ. ಎರಡನೆಯ ಲೋಟಕ್ಕೆ ಮಾತ್ರ ಕಾಲಿನ ಹತ್ತಿರ ಏನೋ ಓಡಾಡಿದ ಹಾಗಾಗುತ್ತದೆ.

ಅದಾದ ಮೇಲೆ ಬಿಯರು ಕಾಯಿಸುವವರ ಸಂಘದವರು ಕಟ್ಟುನಿಟ್ಟು ಮಾಡಿದರು. ರುಚಿ ನೋಡುವುದು ಸಂಘದ ಕಟ್ಟೆಯ ಮೇಲೆ, ಎಲ್ಲರ ಎದುರಿಗೆ. ಆ ದಿನ ಬೆಳಗ್ಗೆಯಿಂದಲೇ ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ನನ್ನನ್ನು ಯಾರೂ ಏನೂ ಕೇಳಬಾರದು. ಸೈಕಲ್ಲಿನವರು ಗಂಟೆಗೆ ಕರ್ಚೀಫು ಸುತ್ತಿಕೊಂಡು ಹೋಗುತ್ತಾರೆ. ನಮ್ಮ ಮನೆಯವರಿಗೆ ಆ ದಿನವೆಂದರೆ ಇಷ್ಟ. ಮಾತಿಲ್ಲದ ಮನೆಯಲ್ಲಿ ಎರಡು ತುತ್ತು ಜಾಸ್ತಿ ಉಣ್ಣುತ್ತಾರೆ.

ಹೀಗೆ ಮೂವತ್ತಮೂರು ವರ್ಷದಲ್ಲಿ ನೂರ ಹನ್ನೆರಡು ಬಿಯರುಗಳಿಗೆ ರುಚಿ ಹೇಳಿದೆ. ನಾನು ಓದಿದವಳಲ್ಲ, ನನಗೆ ಗೊತ್ತಿದ್ದದ್ದು ನನ್ನ ಅಡುಗೆಮನೆ. ಹುರಿದ ಕಡಲೆಕಾಯಿ ಅಂದೆ, ತಳ ಹಿಡಿದ ಬೆಲ್ಲದ ಪಾಕ ಅಂದೆ, ನಿಂಬೆಸಿಪ್ಪೆ, ಹುಣಸೆ ಚಿಗುರು, ಒಗ್ಗರಣೆಯಲ್ಲಿ ಸಿಡಿದ ಜೀರಿಗೆ ಅಂದೆ. ಮೊದಮೊದಲು ಜನ ಹಬ್ಬದ ಹಾಗೆ ಕುಡಿದರು. ತೊಂಬತ್ತು ದಾಟುವ ಹೊತ್ತಿಗೆ ನನ್ನ ಡಬ್ಬಿಗಳೆಲ್ಲ ಖಾಲಿಯಾಗಿದ್ದವು. ಒಂದು ಬಿಯರಿಗೆ ನಿನ್ನೆಯ ಹುಳಿ ಅಂದೆ, ಅದರ ಮುಂದಿನದಕ್ಕೆ ಮೊನ್ನೆಯ ಹುಳಿ ಅಂದೆ. ಗಂಡಸರು ಸಂಜೆ ಎರಡು ಲೋಟ ಕುಡಿದು ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ, ಆಗಲೇ ಒಂದು ಪಂಕ್ತಿ ಮುಗಿಸಿ ಬಂದ ಹಾಗಿರುತ್ತಿತ್ತು. ಸಂಘದ ಯಜಮಾನರಾದ ಶಿವರುದ್ರಯ್ಯನವರು ಒಂದು ದಿನ ಮನೆಗೆ ಬಂದು, ಬಹಳ ಮರ್ಯಾದೆಯಿಂದ ಕಾಫಿ ಕುಡಿದು, "ತಾಯಮ್ಮನೋರೆ, ನಿಮಗೂ ವಯಸ್ಸಾಯ್ತು, ನಿಮ್ಮ ಹುಳಿಗೂ ವಯಸ್ಸಾಯ್ತು" ಅಂದರು.

ಅವರು ಹಾಗಂದದ್ದು ಕಾಳಾಚಾರಿಯ ವಿಷಯ ಮನಸ್ಸಿನಲ್ಲಿಟ್ಟುಕೊಂಡು ಅಂತ ನನಗೆ ಗೊತ್ತಿತ್ತು.

ಕಾಳಾಚಾರಿ ತಾಮ್ರದ ಕೆಲಸದವನು. ಊರಿನ ಅರ್ಧ ಹಂಡೆಗಳು ಅವನ ಕೈಯಲ್ಲೇ ಆದವು. ಇಪ್ಪತ್ತು ವರ್ಷ ಬೇರೆಯವರ ಬಿಯರಿಗೆ ಹಂಡೆ ಬಡಿದು ಬಡಿದು, ಕಡೆಗೆ ತನಗೇ ಒಂದು ಬಡಿದುಕೊಂಡು ಒಲೆ ಹೂಡಿದ. ಜವೆಗೋಧಿಯನ್ನು ಮೊಳಕೆ ಕಟ್ಟಿ ಒಣಗಿಸುವುದರಿಂದ ಹಿಡಿದು ಪೀಪಾಯಿಗೆ ತುಂಬುವವರೆಗೆ ಅವನೂ ಅವನ ಹೆಂಡತಿಯೂ ಒಂದು ಕಾಳು ಚೆಲ್ಲದ ಹಾಗೆ ಮಾಡುತ್ತಿದ್ದರು. ಅವನ ಮೊದಲ ಪೀಪಾಯಿಗೆ ರುಚಿ ಹೇಳಬೇಕಾದವಳು ನಾನು. ಕಟ್ಟೆ ಹತ್ತಿದೆ, ಬಟ್ಟೆ ಬಿಚ್ಚಿದೆ, ಗುಟುಕು ನುಂಗಿದೆ. ಸರಿಯಾಗಿ ಆ ಗಳಿಗೆಯಲ್ಲಿ ಒಲೆಯ ಮೇಲೆ ಬಿಟ್ಟು ಬಂದಿದ್ದ ಸಾರು ನೆನಪಾಯಿತು. "ಉಪ್ಪು ಹಾಕೋದೇ ಮರೆತೆ" ಅಂದೆ.

ಅದನ್ನು ಕುಡಿದವರು ಮುಖ ಹಿಂಡಿದರು. ಒಬ್ಬಿಬ್ಬರು ಮನೆಯಿಂದ ಉಪ್ಪು ತಂದು ಉದುರಿಸಿಕೊಂಡರು. ಏನು ಮಾಡಿದರೂ ಮರೆತ ಹಾಗೆಯೇ ಇತ್ತು.

ನಮ್ಮಲ್ಲಿ ಹೊಸ ಬಿಯರಿನ ಮೊದಲ ಪೀಪಾಯಿ ಊರಿಗೆಲ್ಲ ಪುಕ್ಕಟೆ. ಆ ದಿನ ಹೊತ್ತು ಮುಳುಗುವುದರೊಳಗೆ ಅದರ ತಳ ಕಾಣಬೇಕು. ಪುಕ್ಕಟೆ ಕೊಟ್ಟರೂ ಮುಗಿಯದ್ದನ್ನು ನಾಳೆ ಯಾರು ಕೊಳ್ಳುತ್ತಾರೆ ಅನ್ನುವುದು ಸಂಘದ ವಾದ, ನ್ಯಾಯವಾದ ಮಾತೇ. ಒಬ್ಬನ ಮೂರು ಪೀಪಾಯಿಗಳು ಹಾಗೆ ಉಳಿದರೆ ಸಂಘದವರು ಅವನ ಒಲೆಗೆ ನೀರು ಹುಯ್ದು, ಹಂಡೆಯನ್ನು ಹೊತ್ತುಕೊಂಡು ಹೋಗಿ, ಸಂಘದ ಮುಂದೆ ಇಟ್ಟು ಅದರಲ್ಲಿ ಚೆಂಡುಹೂವಿನ ಗಿಡ ನೆಡುತ್ತಾರೆ. ಅಂಥವು ಒಂಬತ್ತಿವೆ. ಹೂವು ಚೆನ್ನಾಗಿ ಬಿಡುತ್ತವೆ, ಯಾರೂ ಕೀಳುವುದಿಲ್ಲ.

ನನ್ನ ಜಾಗಕ್ಕೆ ಸಂಘದವರು ಕರೆಸಿದ್ದು ಗುಣಸಾಗರ ಮೂರ್ತಿಗಳನ್ನು. ಹೆಗಲ ಮೇಲೆ ಶಾಲು, ಕಂಕುಳಲ್ಲಿ ಒಂದು ದಪ್ಪ ನೋಟ್‌ಬುಕ್ಕು. ಒಂದೇ ಉಸಿರಿನಲ್ಲಿ ಅವರು ಹೇಳುವಷ್ಟನ್ನು ನಾನು ಒಂದು ವಾರದಲ್ಲಿ ಹೇಳಲಾರೆ. ಶಿವರುದ್ರಯ್ಯನವರ ಹೊಸ ಬಿಯರಿಗೆ ಅವರು "ಮುಸ್ಸಂಜೆಯ ಏಕಾಂತ, ತುದಿಯಲ್ಲಿ ಒಂದಿಷ್ಟು ಪಶ್ಚಾತ್ತಾಪ" ಅಂದರು. ಕಟ್ಟೆಯ ಮುಂದೆ ಚಪ್ಪಾಳೆ ಬಿತ್ತು. ಆಮೇಲೆ ಹದಿನೈದು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂತು ಕುಡಿಯುತ್ತಿದ್ದ ಮೂವರು ಗೆಳೆಯರು ಲೋಟ ಹಿಡಿದು ಒಬ್ಬೊಬ್ಬರು ಒಂದೊಂದು ಗೋಡೆಯ ಕಡೆ ಮುಖ ಮಾಡಿ ಕೂತರು. ಕೊನೆಯ ಗುಟುಕಿಗೆ ಮೂವರೂ ಎದ್ದು ಹೋಗಿ ಹೆಂಡಂದಿರ ಹತ್ತಿರ ಕ್ಷಮೆ ಕೇಳಿದರು. ಯಾತಕ್ಕೆ ಅಂತ ಹೆಂಡಂದಿರು ಕೇಳಿದರೆ ಮೂವರಿಗೂ ಗೊತ್ತಿರಲಿಲ್ಲ. ಮೂರು ಮನೆಯಲ್ಲೂ ಹೆಂಗಸರಿಗೆ ಅನುಮಾನ ಶುರುವಾಯಿತು.

ಕಾಳಾಚಾರಿ ಅಳತೆ ಬದಲಿಸಿ ಕಾಯಿಸಿದ ಎರಡನೆಯ ಪೀಪಾಯಿಗೂ ಅವರೇ ರುಚಿ ಹೇಳಿದರು. ಮೊದಲಿಗೆ ಹಳೆಯ ಗ್ರಂಥಗಳ ಗಾಂಭೀರ್ಯ, ನಡುವೆ ಬಿಟ್ಟುಬಂದ ಊರಿನ ವಿಷಾದ, ಕೊನೆಗೆ ಒದ್ದೆ ತೊಗಲಿನ ದೂರದ ಸುಳಿವು ಅಂದರು. ಕುಡಿದವರು ಮೊದಲು ಧೂಳಿಗೆ ಕೆಮ್ಮಿದರು, ಆಮೇಲೆ ಮೂಗೊರೆಸಿಕೊಂಡರು. ಕೊನೆಯದು ದೂರದ ಸುಳಿವಾಗಿರಲಿಲ್ಲ, ತೀರಾ ಹತ್ತಿರದ್ದಾಗಿತ್ತು. ಕ್ಷೌರದ ಅಂಗಡಿಯ ಮುನಿಸ್ವಾಮಿ ತನ್ನ ಚಪ್ಪಲಿ ಕಾಲಲ್ಲೇ ಇದೆಯೇ ಅಂತ ಬಗ್ಗಿ ನೋಡಿಕೊಂಡ. ಅರ್ಧಕ್ಕಿಂತ ಹೆಚ್ಚು ಪೀಪಾಯಿ ಹಾಗೆಯೇ ಉಳಿಯಿತು.

ಕಾಳಾಚಾರಿಗೆ ಉಳಿದದ್ದು ಇನ್ನು ಒಂದೇ ಪೀಪಾಯಿ. ಅದು ಸಿದ್ಧವಾದ ವಾರ ಅವನು ನಮ್ಮ ಮನೆಗೆ ಬಂದು ಹೊಸಿಲ ಹೊರಗೇ ನಿಂತ. ರುಚಿ ಯಾರು ಹೇಳಬೇಕು ಅನ್ನುವುದನ್ನು ಬಿಯರು ಮಾಡಿದವನೇ ಆರಿಸಬಹುದು, ಆ ಮಟ್ಟಿಗೆ ಸಂಘ ಬಿಟ್ಟಿದೆ. ಅವನು ನನ್ನನ್ನು ಕೇಳಲು ಬಂದಿದ್ದ. ನನಗೆ ನಾಚಿಕೆಯಾಯಿತು. ನಿನ್ನ ಮೊದಲ ಪೀಪಾಯಿ ಹಾಳು ಮಾಡಿದವಳು ನಾನೇ ಅಲ್ಲವೇನಪ್ಪ ಅಂದೆ.

"ಮಾಡಿದ್ರಿ" ಅಂದ ಕಾಳಾಚಾರಿ. "ಆದ್ರೆ ನಿಮ್ಮದು ತಪ್ಪಾದ್ರೂ ತಿನ್ನೋ ಪದಾರ್ಥದ ತಪ್ಪು, ತಾಯಕ್ಕ. ಅವರದು ಕಾಲಿಗೆ ಹಾಕ್ಕೊಳೋ ಪದಾರ್ಥದ್ದು."

ಕೂರಿಸಿ ಮಜ್ಜಿಗೆ ಕೊಟ್ಟೆ. ಯಾವ ರುಚಿ ಬೇಕು ಹೇಳಪ್ಪ, ಈ ಸಲ ಬೆಳಗ್ಗೆಯಿಂದ ಅದನ್ನೇ ಜಪ ಮಾಡಿಕೊಂಡು ಬರುತ್ತೇನೆ ಅಂದೆ. ಗೋಡಂಬಿ ಅನ್ನಲೇ, ಏಲಕ್ಕಿ ಬಾಳೆ ಅನ್ನಲೇ ಅಂತ ಒಂದೊಂದೇ ಕೇಳಿದೆ. ಅವನು ಮಜ್ಜಿಗೆ ಲೋಟವನ್ನೇ ತಿರುಗಿಸುತ್ತ ಕೂತಿದ್ದ. ಆಮೇಲೆ ತಪ್ಪು ಮಾಡಿದವನ ಹಾಗೆ ಸಣ್ಣ ದನಿಯಲ್ಲಿ ಕೇಳಿದ:

"ಬಿಯರು ಬಿಯರ್ ಥರಾನೇ ಇದ್ರೆ ಆಗಲ್ವಾ ತಾಯಕ್ಕ?"

ಮೂವತ್ತಮೂರು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದೆ. ನಮ್ಮತ್ತೆ ಸಾಯುವ ಮುಂಚೆ ನನಗೊಬ್ಬಳಿಗೇ ಹೇಳಿದ್ದ, ನಾನು ಗಂಡನಿಗೂ ಹೇಳದ ಒಂದು ವಿಷಯವನ್ನು ಅವನಿಗೆ ಹೇಳಿದೆ. ಗುಟುಕು ನುಂಗಿದ ಮೇಲೆ, ಮಾತು ಬರುವುದಕ್ಕೆ ಮುಂಚೆ, ರೆಪ್ಪೆ ಬಡಿಯುವಷ್ಟು ಹೊತ್ತು ಬಿಯರಿಗೆ ಒಂದು ರುಚಿ ಇರುತ್ತದೆ. ಅದು ಯಾರೂ ಕೊಟ್ಟದ್ದಲ್ಲ, ಅದರದ್ದೇ. ಮಾಡಿದವರ ಕೈಗೆ ತಕ್ಕ ಹಾಗೆ ಒಬ್ಬೊಬ್ಬರದು ಒಂದೊಂದು. ಹೇಳೋಣವೆಂದು ಬಾಯಿ ತೆರೆದರೆ ಹೋಗಿಬಿಡುತ್ತದೆ. ಅದಕ್ಕೆ ಅಡುಗೆಮನೆಯಿಂದ ಏನೋ ಒಂದು ತಂದು ಹೇಳುತ್ತಿದ್ದೆ, ಅಷ್ಟೇ.

"ನನ್ನದು ಹೆಂಗಿತ್ತು?" ಅಂದ.

ಚೆನ್ನಾಗಿತ್ತು ಅಂದೆ. ಅದಕ್ಕೇ ಸಾರಿನ ನೆನಪಾದದ್ದು. ಅಷ್ಟು ಹಿತವಾಗಿತ್ತು ಅಂದರೆ ನಾನು ಕಟ್ಟೆಯ ಮೇಲಿದ್ದೇನೆ ಅನ್ನುವುದೇ ಮರೆತು ಮನೆಯಲ್ಲಿದ್ದೇನೆ ಅಂದುಕೊಂಡುಬಿಟ್ಟೆ. ಬಿಯರು ಮಾಡಿದವರು ರುಚಿ ಹೇಳುವವರೆಗೆ ತಮ್ಮದನ್ನು ತಾವು ಕುಡಿಯುವಂತಿಲ್ಲ. ತಾನು ಮಾಡಿದ್ದು ಹೇಗಿದೆ ಅಂತ ಅವನಿಗೇ ಗೊತ್ತಿರಲಿಲ್ಲ.

ಹೊರಡುವಾಗ ಅವನಿಗೆ ಎರಡೇ ಮಾತು ಹೇಳಿದೆ. ಊರಲ್ಲಿ ಎಲ್ಲೆಲ್ಲಿ ಲೋಟ ಸಿಗುತ್ತೋ ಎಲ್ಲ ತಂದಿಟ್ಟುಕೊ. ನಾನು ಕೈ ಮಾಡಿದ ಕೂಡಲೇ ಬಗ್ಗಿಸುತ್ತ ಹೋಗು, ಯಾಕೆ ಅಂತ ಕೇಳಬೇಡ.

ರುಚಿ ಹೇಳುವ ದಿನ ಮಧ್ಯಾಹ್ನ ಊಟವಾದ ಮೇಲೆ ಕಟ್ಟೆ ಹತ್ತಿದೆ. ಮುಂದೆ ಒಂದು ಇನ್ನೂರು ಜನ. ಶಿವರುದ್ರಯ್ಯನವರು ಕುರ್ಚಿಯಲ್ಲಿ. ಅವರ ಪಕ್ಕ ಗುಣಸಾಗರ ಮೂರ್ತಿಗಳು, ತಮ್ಮನ್ನು ಕರೆಯಲಿಲ್ಲವೆಂದು ಮುಖ ಊದಿಸಿಕೊಂಡು, ಈ ಬಿಯರನ್ನು ಮುಟ್ಟುವುದೂ ಇಲ್ಲವೆಂದು ಮೊದಲೇ ಸಾರಿದ್ದರು. ಒಂಬತ್ತು ಹಂಡೆಗಳ ಪಕ್ಕದಲ್ಲಿ ಹತ್ತನೆಯದಕ್ಕೆ ಜಾಗ ಗುಡಿಸಿಟ್ಟಿದ್ದರು. ಕಾಳಾಚಾರಿ ಅದನ್ನು ನೋಡಬಾರದೆಂದು ಪೀಪಾಯಿಯ ಕಡೆಗೇ ತಿರುಗಿ ನಿಂತಿದ್ದ.

ಬಟ್ಟೆ ಬಿಚ್ಚಿದೆ. ಗುಟುಕು ನುಂಗಿದೆ. ನಾಲಿಗೆಯ ಮೇಲೆ ಆ ರುಚಿ ಬಂದು ನಿಂತಿತು. ನಾನು ಬಟ್ಟೆಯನ್ನು ಮತ್ತೆ ಬಾಯಿಗೆ ಕಟ್ಟಿಕೊಂಡು, ಹಿಂದುಗಡೆ ಗಂಟು ಹಾಕಿ, ಕಾಳಾಚಾರಿಗೆ ಕೈ ಮಾಡಿದೆ.

ಅವನು ಬಗ್ಗಿಸತೊಡಗಿದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಶಿವರುದ್ರಯ್ಯನವರು ಎದ್ದು, ಇದೇನು ತಾಯಮ್ಮನೋರೆ, ರುಚಿ ಹೇಳದೆ ಬಟ್ಟೆ ಕಟ್ಟಿಕೊಂಡರೆ ಹೇಗೆ, ಸಂಘಕ್ಕೊಂದು ಕ್ರಮ ಇಲ್ಲವೇ ಅಂತ ಶುರು ಮಾಡಿದರು. ನಾನು ಒಂದು ಲೋಟ ತೆಗೆದುಕೊಂಡು ಹೋಗಿ ಅವರ ಕೈಗಿಟ್ಟೆ. ಸಿಟ್ಟು ಬಂದಾಗ ಗಂಡಸರು ಕೈಯಲ್ಲಿದ್ದದ್ದನ್ನು ಕುಡಿದುಬಿಡುತ್ತಾರೆ, ಇದು ನಾನು ಮದುವೆಯಾದ ಮೊದಲನೇ ವರ್ಷವೇ ಕಲಿತದ್ದು. ಶಿವರುದ್ರಯ್ಯನವರು ಒಂದು ಗುಟುಕು ಎಳೆದು, ಬೈಯಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಆಮೇಲೆ ಅವರ ಕೈ ತಾನಾಗಿ ಮೇಲೆ ಬಂದು ಅವರ ಬಾಯಿಯನ್ನು ಮುಚ್ಚಿತು. ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಕಣ್ಣು ಮಾತ್ರ ಅಗಲವಾಗಿದ್ದವು.

ಅಲ್ಲಿಂದ ನಡೆದದ್ದನ್ನು ನೋಡಬೇಕಿತ್ತು. ಕುಡಿಯದವರೆಲ್ಲ ಏನಾಯಿತು ಏನಾಯಿತು ಅಂತ ಕೇಳುವರು. ಕುಡಿದವರು ತಲೆಯಾಡಿಸಿ ಲೋಟ ತೋರಿಸುವರು. ಕೇಳಿದವರು ಒಂದು ಗುಟುಕು ಕುಡಿದು ತಾವೂ ಬಾಯಿ ಮುಚ್ಚಿಕೊಳ್ಳುವರು. ಕಾಲು ಗಂಟೆಯಲ್ಲಿ ಇಡೀ ಕಟ್ಟೆಯ ಮುಂದೆ ಗುಟುಕಿನ ಶಬ್ದ ಬಿಟ್ಟು ಬೇರೆ ಏನೂ ಇಲ್ಲ. ಒಬ್ಬನ ಕಾಲನ್ನು ಇನ್ನೊಬ್ಬ ತುಳಿದ. ತುಳಿಸಿಕೊಂಡವನು ಬೈಗುಳವನ್ನೆಲ್ಲ ಕೈಯಲ್ಲೇ ತೋರಿಸಿದ, ತುಳಿದವನು ಕೈಯಲ್ಲೇ ತಿರುಗಿ ಬೈದ, ಮಧ್ಯೆ ಇಬ್ಬರಿಗೂ ಕೈ ಬೇರೆ ಕೆಲಸಕ್ಕೆ ಬೇಕು ಅನ್ನಿಸಿ ಮತ್ತೆ ಲೋಟ ಹಿಡಿದರು. ಒಬ್ಬಾಕೆಗೆ ಬಿಕ್ಕಳಿಕೆ ಬಂತು. ಬಿಕ್ಕಳಿಕೆ ಮಾತಿನ ಲೆಕ್ಕವೋ ಅಲ್ಲವೋ ಅಂತ ಎಲ್ಲರೂ ಉಸಿರು ಹಿಡಿದು, ಇನ್ನೊಂದು ಗುಟುಕು ಕುಡಿದು ನೋಡಿ, ಲೆಕ್ಕವಲ್ಲ ಅಂತ ಖಾತ್ರಿ ಮಾಡಿಕೊಂಡರು. ಖಾತ್ರಿಗೆಂದು ಕೆಲವರು ಮೂರು ಸಲ ನೋಡಿದರು.

ಕಾಳಾಚಾರಿ ಬಗ್ಗಿಸುತ್ತಲೇ ಇದ್ದ. ನಾನು ಒಂದು ಲೋಟವನ್ನು ಅವನ ಕಡೆಗೇ ತಳ್ಳಿದೆ. ರುಚಿ ಹೇಳುವ ಮುಂಚೆ ಅವನು ಕುಡಿಯಬಾರದು ಅಂತ ಯಾರಾದರೂ ಆಕ್ಷೇಪಿಸಬೇಕಿದ್ದರೆ ಬಾಯಿ ಬಿಡಬೇಕಿತ್ತಲ್ಲ. ಅವನು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ. ಒಂದು ಗಳಿಗೆ ನಿಂತ. ನನ್ನ ಕಡೆ ತಿರುಗಿದ, ಏನೋ ಹೇಳಲು ಬಾಯಿ ತೆರೆದ. ನಾನು ಸೆರಗಿನಿಂದ ಅವನ ಬಾಯಿ ಒತ್ತಿ ಹಿಡಿದೆ. ಅವನ ಹೆಂಡತಿ ಆ ಕಡೆಯಿಂದ ಬಂದು ಅವನ ಬೆನ್ನಿಗೆ ಒಂದು ಗುದ್ದು ಹಾಕಿ, ಪೀಪಾಯಿಯ ಕಡೆ ಬೆರಳು ತೋರಿಸಿದಳು. ಮತ್ತೆ ಬಗ್ಗಿಸತೊಡಗಿದ, ಕಣ್ಣು ಒರೆಸಿಕೊಳ್ಳುತ್ತ.

ಹೊತ್ತು ಇಳಿಯತೊಡಗಿದಾಗ ಪೀಪಾಯಿಯಲ್ಲಿ ಇನ್ನೊಂದು ಮೊಳ ಇತ್ತು. ಆಗ ಬಂತು ಮುನಿಸ್ವಾಮಿಯ ಮೈನಾ. ಆ ಹಕ್ಕಿ ಅವನ ಕ್ಷೌರದ ಅಂಗಡಿಯಲ್ಲೇ ಬೆಳೆದದ್ದು, ಅದಕ್ಕೆ ಬರುವುದು ಒಂದೇ ಮಾತು: "ಮುಂದಿನವರು ಬನ್ನಿ." ಎಲ್ಲಿಂದಲೋ ಹಾರಿ ಬಂದು ಪೀಪಾಯಿಯ ನಲ್ಲಿಯ ಕೆಳಗೆ ಚೆಲ್ಲಿದ್ದ ನೊರೆಯಲ್ಲಿ ಕೊಕ್ಕು ಅದ್ದಿ, ಕತ್ತೆತ್ತಿ ನುಂಗಿತು. ಇನ್ನೂರು ಜನ ಅದನ್ನೇ ನೋಡಿದರು. ಅದು ಹೇಳಿಬಿಟ್ಟರೆ ಕಾಳಾಚಾರಿಯ ಬಿಯರು ಜನ್ಮದಲ್ಲೆಲ್ಲ ಕ್ಷೌರಕ್ಕೆ ಸಾಲಿನಲ್ಲಿ ಕಾದ ರುಚಿ ಕೊಡುತ್ತದೆ, ಉಳಿದ ಒಂದು ಮೊಳವನ್ನು ಯಾರು ಕುಡಿಯುತ್ತಾರೆ? ಕೂಗಿ ಓಡಿಸುವ ಹಾಗಿಲ್ಲ, ಹಕ್ಕಿ ಹೆದರಿದರೆ ಮೊದಲು ಮಾಡುವ ಕೆಲಸವೇ ಮಾತಾಡುವುದು. ಮುನಿಸ್ವಾಮಿ ಕೈ ಜೋಡಿಸಿಕೊಂಡು ಅದರ ಮುಂದೆ ಕೂತ. ಅದು ಎದೆ ಉಬ್ಬಿಸಿತು.

ಧೊಪ್ ಅಂತ ಅದರ ಮೇಲೆ ಒಂದು ಶಾಲು ಬಿತ್ತು. ಗುಣಸಾಗರ ಮೂರ್ತಿಗಳು ಶಾಲಿನ ಸಮೇತ ಹಕ್ಕಿಯನ್ನು ಎತ್ತಿ, ಕೊಕ್ಕನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದು, ಎದೆಗೆ ಅವುಚಿಕೊಂಡು ನಿಂತರು. ನೋಟ್‌ಬುಕ್ಕು ಕೆಸರಿನಲ್ಲಿ ಬಿದ್ದಿತ್ತು. ಕುಡಿಯದಿದ್ದವರು ಅವರೊಬ್ಬರೇ, ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಅವರು ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನದಿಂದ ಅಷ್ಟೂ ಜನರ ಮುಖ ನೋಡುತ್ತ ನಿಂತಿದ್ದವರು ಅವರು. ಈ ಮುಖಗಳನ್ನು ಅವರ ಯಾವ ಬಿಯರೂ ತಂದಿರಲಿಲ್ಲ, ನನ್ನದೂ ತಂದಿರಲಿಲ್ಲ.

ಹೊತ್ತು ಮುಳುಗಲು ಇನ್ನೊಂದು ಗೇಣು ಇದೆ ಅನ್ನುವಾಗ ಕಾಳಾಚಾರಿ ಪೀಪಾಯಿಯನ್ನು ಓರೆ ಮಾಡಿದ. ಬಂದದ್ದು ಒಂದೇ ಲೋಟ. ಅದಕ್ಕೆ ಹತ್ತು ಕೈ ಮುಂದೆ ಬಂದವು, ಮೊದಲನೆಯದು ಯಜಮಾನರದ್ದು. ಮುನಿಸ್ವಾಮಿ ಅದನ್ನು ಎಲ್ಲರಿಂದ ತಪ್ಪಿಸಿಕೊಂಡು, ಮೂರ್ತಿಗಳ ಎರಡೂ ಕೈಯಲ್ಲಿ ಹಕ್ಕಿಯಿದ್ದದ್ದರಿಂದ, ಮಗುವಿಗೆ ಹಾಲು ಕುಡಿಸಿದ ಹಾಗೆ ಲೋಟವನ್ನು ಅವರ ತುಟಿಗೆ ಹಿಡಿದ. ಮೂರ್ತಿಗಳು ಕಣ್ಣು ಮುಚ್ಚಿ ನಿಧಾನವಾಗಿ ಕುಡಿದರು. ಲೋಟ ಮೇಲೆ ಮೇಲೆ ಹೋಯಿತು. ಕೊನೆಯ ಹನಿಯವರೆಗೂ ಕುಡಿದು ಕಣ್ಣು ಬಿಟ್ಟು ಲೋಟದೊಳಗೆ ನೋಡಿದರು. ಪೀಪಾಯಿಯೊಳಗೆ ನೋಡಿದರು.

"ಮುಗೀತಾ?" ಅಂದರು.

ಇನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟರು. ಶಾಲು ಸಡಿಲವಾಗಿ ಹಕ್ಕಿ ಹೊರಗೆ ತಲೆ ಹಾಕಿ, "ಮುಂದಿನವರು ಬನ್ನಿ" ಅಂತ ಹೇಳಿತು. ಅದರ ಹೊತ್ತು ಮೀರಿತ್ತು. ಮೂರ್ತಿಗಳು ತಾವು ಮಾಡಿದ್ದು ಗೊತ್ತಾಗಿ ನೆಲದ ಮೇಲೆ ಕೂತುಬಿಟ್ಟರು. ಕಾಳಾಚಾರಿ ಅವರ ಹತ್ತಿರ ಹೋಗಿ, ಪೀಪಾಯಿಯನ್ನು ಉರುಳಿಸಿ ಅದರ ಒಣ ತಳವನ್ನು ಅವರಿಗೆ ತೋರಿಸಿದ. ಸೂರ್ಯ ಇನ್ನೂ ಮೇಲಿದ್ದ. ಶಿವರುದ್ರಯ್ಯನವರು ಸಂಘದ ಪುಸ್ತಕ ತರಿಸಿ ಆ ಕಡೆಯಿಂದ ಈ ಕಡೆಯವರೆಗೆ ಓದಿಸಿದರು. ಪೀಪಾಯಿ ಮುಗಿಯಬೇಕು ಅಂತ ಇತ್ತು, ಮಾತು ಮುಂಚೆಯೇ ಬರಬೇಕು ಅಂತ ಎಲ್ಲೂ ಇರಲಿಲ್ಲ. ಓದಿಸುವಾಗ ಅವರಿಗೆ ಅಂಥ ಬೇಸರವೇನೂ ಇದ್ದ ಹಾಗೆ ಕಾಣಲಿಲ್ಲ. ಗುಡಿಸಿಟ್ಟ ಜಾಗದಲ್ಲಿ ಈಗ ಸೈಕಲ್ಲು ನಿಲ್ಲಿಸುತ್ತಾರೆ.

ಕಾಳಾಚಾರಿಯ ಬಿಯರಿಗೆ ಅಂದಿನಿಂದ ಮೂರ್ತಿಗಳು ಕೊಟ್ಟ ರುಚಿಯೇ. ತುಂಬಿದ ಲೋಟದ ಮೊದಲ ಗುಟುಕೇ "ಮುಗೀತಾ?" ಅನ್ನಿಸುತ್ತದೆ. ಒಂದೇ ಲೋಟಕ್ಕೆ ಎದ್ದು ಹೋದವರನ್ನು ನಾನು ಇದುವರೆಗೆ ನೋಡಿಲ್ಲ. ಅವನ ಒಲೆ ಆರುವುದೇ ಇಲ್ಲ, ಹೆಂಡತಿಗೆ ಸೊಂಟ ನೋವು ಅನ್ನುವುದೊಂದೇ ದೂರು. ಮೂರ್ತಿಗಳು ಊರಲ್ಲೇ ಉಳಿದರು. ಈಗ ನಾವಿಬ್ಬರೂ ಸರದಿಯ ಮೇಲೆ ರುಚಿ ಹೇಳುತ್ತೇವೆ. ಹೋದ ವರ್ಷ ಒಂದು ಬಿಯರಿಗೆ ಅವರು "ತಣ್ಣಗಿದೆ" ಅಂತಷ್ಟೇ ಅಂದರು, ಬೇಸಿಗೆಯೆಲ್ಲ ಜನ ಅದನ್ನೇ ಕುಡಿದರು. ನಮಗಿಬ್ಬರಿಗೂ ನುಂಗಿದ ಮೇಲೆ ಮಾತಾಡಲು ಈಗ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಯಾರೂ ಅವಸರ ಮಾಡುವುದಿಲ್ಲ.

ಹೊರಗಿನವರು ಯಾರಾದರೂ ಬಂದು, ಆ ದಿನ ನೀವೆಲ್ಲ ಕುಡಿದಿರಂತಲ್ಲ, ಅದು ಹೇಗಿತ್ತು ಅಂತ ಕೇಳುವುದುಂಟು. ಕೇಳಿದ ಕೂಡಲೇ ನಮ್ಮೂರಿನವರು, ಸಣ್ಣವರು ದೊಡ್ಡವರು ಅನ್ನದೆ, ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಬಂದವರು, ಪಾಪ, ಅಷ್ಟೊಂದು ಕೆಟ್ಟದಾಗಿತ್ತೇನೋ ಅಂದುಕೊಂಡು ಹೋಗುತ್ತಾರೆ.